ಅಂಟಿಸದ ಜೋಯಿಸರು

ಪ್ರೀತಿಯ ಅಕ್ಕನಿಗೆ ತಂಗಿಯ ವಂದನೆ.

ಇಲ್ಲಿಂದ ನಿಮ್ಮ ಚರ್ಚಿಗೆ ಹೋಗುವ ಕ್ರಿಸ್ಮಸ್ ಗೊಂಬೆಗಳ ಪೆಟ್ಟಿಗೆಯನ್ನು ಪ್ರತಿ ವರ್ಷ ಬಿಚ್ಚಿ ಜೋಡಿಸುವವಳು ನೀನೇ ಎಂದು ಈ ಪತ್ರವನ್ನು ಗೋದಲಿಯ ಹುಲ್ಲಿನಡಿ ಇಡುತ್ತಿದ್ದೇನೆ. ಇವರು ತೀರಿಕೊಂಡ ಮೇಲೆ ಮೈದುನನ ಗೊಂಬೆ ಕೆಲಸವೆಲ್ಲ ನನ್ನ ಕೈಮೇಲೇ ನಡೆಯುತ್ತಿದೆ. ಊಟಕ್ಕೆ ಕೊರತೆಯಿಲ್ಲ. ಅವನು ಹೊರಗೆ ಹೋಗುವಾಗ ಬೀಗ ಹಾಕಿಕೊಂಡು ಹೋಗುತ್ತಾನೆ, ನನ್ನ ಫೋನೂ ಅವನ ಹತ್ತಿರವೇ ಇದೆ.

ಮೊನ್ನೆ ನಾನು, "ನಕ್ಷತ್ರ ನೋಡಿಕೊಂಡು ಜೋಯಿಸರು ಕೂಸು ಯೇಸುವಿನ ಹತ್ತಿರ ಬಂದಿದ್ದು ಮನೆಗೆ, ಕೊಟ್ಟಿಗೆಗಲ್ಲ. ಮೂವರೇ ಅಂತಲೂ ಸುವಾರ್ತೆಯಲ್ಲಿ ಮತ್ತಾಯ ಬರೆದಿಲ್ಲ ಕಣಪ್ಪ," ಅಂದೆ.

"ಮತ್ತಾಯ ಬಂದು ಗೊಂಬೆ ಕೊಳ್ತಾನಾ ಅತ್ತಿಗೆ? ಕೊಟ್ಟಿಗೇಲಿ ಮೂರು ಅಂಟಿಸಿ, ಸಾಕು," ಅಂದ.

ಭಾನುವಾರ ಆರಾಧನೆಗೆ ಮಾತ್ರ ಬಿಡುತ್ತಾನೆ. ಮುಗಿಯುವವರೆಗೆ ಇಲ್ಲಿನ ಚರ್ಚಿನ ಮುಂದಿನ ಗೇಟಿನಲ್ಲೇ ನಿಂತಿರುತ್ತಾನೆ. ಪೆಟ್ಟಿಗೆ ತಲುಪಿದ ಮೇಲೆ ಬರುವ ಭಾನುವಾರ ಭಾವನವರನ್ನು ಹಿಂದಿನ ಗೇಟಿಗೆ ಕಳಿಸು. ನಿನ್ನದೊಂದು ಹಳೇ ಸ್ವೆಟರ್ ಕೊಟ್ಟು ಕಳಿಸು. ಕೈಚೀಲ ಕಂಡರೆ ಕೇಳುತ್ತಾನೆ, ಹಾಗಾಗಿ ಬೈಬಲ್ ಬಿಟ್ಟು ಬೇರೇನೂ ತರುವುದಿಲ್ಲ.

ಜೋಯಿಸರು ಮಗುವಿನ ಸುಳಿವು ಕೇಳಿದ್ದ ಅರಸ ಹೆರೋದನಿಗೆ ತಿಳಿಸದೆ ಬೇರೆ ದಾರಿಯಿಂದ ತಮ್ಮ ಊರಿಗೆ ಹೋದರು ಎಂದಿದೆಯಲ್ಲ, ಆ ಗೊಂಬೆಯನ್ನು ಯಾರೂ ಕೇಳುವುದಿಲ್ಲ. ನಿಮ್ಮ ಪೆಟ್ಟಿಗೆಯ ಜೋಯಿಸರನ್ನು ನಾನು ಅಂಟಿಸಿಲ್ಲ. ಅವರನ್ನು ಹೊರಟವರ ಹಾಗೆ ನಿಲ್ಲಿಸು.

ಭಾನುವಾರಕ್ಕೆ ಕಾಯುತ್ತಿರುವ,
ನಿನ್ನ ತಂಗಿ