ಬಿಟ್ಟ ಎಣಿಕೆಗಳು

ಮಾರ್ಚ್ 3, ಬೆ. 6.40

ಇವಳ ಆಪರೇಷನ್ 18ಕ್ಕೆ ನಿಗದಿ. ತಿಳಿಸಿದವರು ಆಸ್ಪತ್ರೆಯ ಸಿಸ್ಟರ್, ನಿನ್ನೆ ಸಂಜೆ ಫೋನಿನಲ್ಲಿ. ಹೃದಯದ ಎಡಗಡೆ ಕವಾಟ ಸೋರುತ್ತಿದೆ. ಎದೆ ತೆರೆದು ರಿಪೇರಿ. ಅಲ್ಲಿಯವರೆಗೆ ದಿನಕ್ಕೆ ಮೂರು ಸಲ ನಾಡಿ ಎಣಿಸಿ ಅವರು ಕೊಟ್ಟ ಕಾರ್ಡಿನಲ್ಲಿ ಬರೆಯಬೇಕು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಹವಾಮಾನ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಇದೇ ಹೊತ್ತಿಗೆ ಮಾಪಕ ಓದಿದವನಿಗೆ ಇದನ್ನು ಕಲಿಸಬೇಕಿಲ್ಲ.

ಮೊದಲ ಎಣಿಕೆ 96, ಎಗರಾಟ. ಇವಳು ಮಾತಾಡುತ್ತಿದ್ದಳು. ಬಿಟ್ಟೆ. ಹತ್ತು ನಿಮಿಷ ಕೂರಿಸಿ ಮತ್ತೆ — 74. ಇನ್ನೊಮ್ಮೆ — 74. ಕಾರ್ಡಿಗೆ 74.

"ಹೆಂಡತಿ ಕೈ ಹಿಡಿಯೋದಕ್ಕೂ ಟೈಮ್‌ಟೇಬಲ್ಲು," ಅಂದಳು.

ಮಾರ್ಚ್ 5, ಮ. 12.30

ಮೊದಲು 104. ನಡುವೆ ಒಂದೆರಡು ಬಡಿತ ಸಿಗಲೇ ಇಲ್ಲ, ಆಮೇಲೆ ಮೂರು ಒಟ್ಟಿಗೆ. ಬಿಟ್ಟೆ. ಕಾಲು ಗಂಟೆ ಕಾದು 76, 76.

ಕೇಂದ್ರದ ನಿಯಮ ಸರಳ. ಗಾಳಿಯ ಮುಳ್ಳು ಎಗರಿದರೆ ಕಾಯಬೇಕು, ನಿಂತ ಮೇಲೆ ಓದಬೇಕು. ಎಗರಿದ್ದಕ್ಕೆ ಅಲ್ಲಿ ಬೇರೆ ಕಾಲಂ ಇತ್ತು. ಈ ಕಾರ್ಡಿನಲ್ಲಿ ಹೊತ್ತಿಗೊಂದೇ ಚೌಕ. ಬಿಟ್ಟದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ... ಹಳೇ ಚಟ.

"ಒಳಗೆ ಹೊಲಿಗೆ ಬಿಡ್ತಿದೆ," ಅಂದಳು. ಹೊಲಿಗೆ ಶಾಲೆಯಲ್ಲಿ ಪಾಠ ಹೇಳಿದವಳು; ಎಲ್ಲವೂ ಮಿಷನ್ ಭಾಷೆ. "ನಾಲ್ಕು ಸರಿಯಾಗಿ ಬೀಳುತ್ತೆ, ಒಂದು ಬಿಡುತ್ತೆ, ಆಮೇಲೆ ದಡದಡ."

"ಆಪರೇಷನ್ ಭಯ ಅದು. ಸುಮ್ನೆ ಕೂತ್ಕೋ."

"ಕೂತ್ಕೊಂಡ್ರೆ ನಿಮ್ಮ ನಂಬರ್ ಸರಿಹೋಗುತ್ತೆ. ನನಗೇನೂ ಸರಿಹೋಗಲ್ಲ."

ಭಯ ಯಾರದು ಎಂಬುದು ಬೇರೆ ಮಾತು. ಹಾಲು ತರಲು ಎರಡು ಸಲ ಹೋಗಿಬಂದೆ. ಮನೆಯಲ್ಲಿ ಈಗ ಮೂರು ಲೀಟರ್ ಹಾಲಿದೆ.

ಮಾರ್ಚ್ 6

6.00 — 72. (ಬಿಟ್ಟದ್ದು: 110.)
12.00 — 74.
18.00 — 74. (ಬಿಟ್ಟದ್ದು: 98, 101. ನಲವತ್ತು ನಿಮಿಷ ಕಾಯಬೇಕಾಯಿತು.)

ಮಾರ್ಚ್ 9, ಮ. 3

ಆಸ್ಪತ್ರೆಗೆ ಹೋಗಿ ಬಂದೆವು. ಇಸಿಜಿ ಸರಿಯಾಗಿದೆ. ಸರ್ಜನ್ ಕಾರ್ಡ್ ನೋಡಿ, "ಪ್ರಿಂಟ್ ಹಾಕಿಸಿದ ಹಾಗಿದೆಯಲ್ರೀ," ಅಂದರು. ನಿಜ ಹೇಳಬೇಕೆಂದರೆ ಖುಷಿಯಾಯಿತು.

ಆಮೇಲೆ ಇವಳನ್ನು ಕೇಳಿದರು: "ಎದೆ ಹಾರಿದ ಹಾಗೆ, ತಪ್ಪಿ ಬಡಿದ ಹಾಗೆ ಏನಾದ್ರೂ ಆಗುತ್ತಾಮ್ಮ?"

"ಇಲ್ಲ ಸಾರ್, ಕಾರ್ಡಲ್ಲೇ ಇದೆಯಲ್ಲ," ಅಂದೆ ನಾನು. ಇವಳು ನನ್ನ ಮುಖ ನೋಡಿದಳು.

ಹೊರಗೆ ಇಸಿಜಿ ಸಿಸ್ಟರ್ ಹತ್ತಿರ ಹೇಳಿಕೊಂಡಿದ್ದಾಳೆ, ಹೊಲಿಗೆಯ ವಿಷಯ. ಸಿಸ್ಟರ್ ಹೋಗಿ ಸರ್ಜನ್ನರಿಗೆ ತಿಳಿಸಿ ಬಂದು, ಎದೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ, ಬಡಿತ ದಾಖಲಿಸುವ ರೆಕಾರ್ಡರ್ ಅಂಟಿಸಿ ಕಳಿಸಿದರು. ಒಂದೂವರೆ ದಿನ ಇಟ್ಟುಕೊಂಡಿರಬೇಕು. ಅನಗತ್ಯ ಅನಿಸಿತು.

ಮಾರ್ಚ್ 11, ಸಂ. 4.30

ಬಡಿತದ ಲಯ ತಪ್ಪಿದೆ. ಒಂದು ಸಲವಲ್ಲ. ಹತ್ತನೇ ತಾರೀಖು ಬೆಳಿಗ್ಗೆ 5.48ರಿಂದ 6.31ರವರೆಗೆ, ಮತ್ತೆ ಮಧ್ಯಾಹ್ನ 11.50ರಿಂದ 12.25ರವರೆಗೆ. ತಿಳಿಸಿದವರು ಲಯದ ಡಾಕ್ಟರು. ಬೇರೆಯವರು ಇವರು, ಹೆಣ್ಣುಮಗಳು, ಮಾತು ಕಡಿಮೆ. ರೆಕಾರ್ಡರಿನ ಕಾಗದದ ಪಕ್ಕದಲ್ಲಿ ನನ್ನ ಕಾರ್ಡ್ ಇಟ್ಟುಕೊಂಡಿದ್ದರು.

"ಆರು ಗಂಟೆಗೆ 74 ಅಂತಿದೆ. ಇದು ಯಾರು ಬರೆದಿದ್ದು?"

"ನಾನೇ. ಎಣಿಸಿದ್ದು 6.35ಕ್ಕೆ."

"ಯಾಕೆ?"

"ಎಗರಾಟ ನಿಲ್ಲೋವರೆಗೂ ಕಾದೆ."

ಪೆನ್ನು ಕೆಳಗಿಟ್ಟರು. ವಿವರಿಸಿದರು. ಹೃದಯದ ಮೇಲಿನ ಕೋಣೆ ಬಡಿಯದೆ ಬರೀ ಅದುರುವಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಗೊತ್ತಿದ್ದರೆ, ಕವಾಟದ ಆಪರೇಷನ್ನಿನಲ್ಲೇ ದಾರಿ ತಪ್ಪಿದ ಬಡಿತದ ಕರೆಂಟನ್ನು ತಡೆಯಲು ಹೃದಯದ ಗೋಡೆಯಲ್ಲಿ ಸುಟ್ಟು ಗೆರೆ ಎಳೆದು, ಹೆಪ್ಪುಗಟ್ಟುವ ಮೂಲೆಯನ್ನೂ ಮುಚ್ಚಬಹುದು. ಇದಕ್ಕಾಗಿಯೇ ಎದೆಯನ್ನು ಇನ್ನೊಮ್ಮೆ ತೆರೆಯುವುದು ಸುಲಭವಲ್ಲ.

"ಯಾವಾಗಿಂದ ಶುರುವಾಗಿದೆ ಗೊತ್ತಾದ್ರೆ ನಿರ್ಧಾರ ಮಾಡೋಕೆ ಅನುಕೂಲ."

"ಕಾರ್ಡಲ್ಲಿಲ್ಲ," ಅಂದೆ. ಅದು ಸುಳ್ಳಲ್ಲ. ಈ ಡೈರಿಯ ಸುದ್ದಿ ಎತ್ತಲಿಲ್ಲ. ಬರುವಾಗ ನಮ್ಮ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತು ಎರಡು ಸ್ಟಾಪ್ ಮುಂದೆ ಹೋದೆವು.

ಮಾರ್ಚ್ 12, ಬೆ. 9

ಇವಳು ಗುಂಡಿ ಹಚ್ಚುತ್ತಿದ್ದಳು. ನನ್ನ ಅಂಗಿಗೇ.

"ಮೂವತ್ತೊಂದು ವರ್ಷ ಗಾಳೀನ ಸಾಲಾಗಿ ನಿಲ್ಲಿಸಿದ್ರಿ. ನನ್ನೂ ನಿಲ್ಲಿಸೋಕೆ ಹೋದ್ರಿ."

ಗುಂಡಿಯ ಡಬ್ಬಿಯನ್ನು ಅವಳ ಹತ್ತಿರ ಸರಿಸಿದೆ.

"ಬರೆದಿದ್ದಕ್ಕೆ ನನಗೇನೂ ಬೇಜಾರಿಲ್ಲ. ಅವತ್ತು ಡಾಕ್ಟರು ಕೇಳಿದ್ದು ನನ್ನನ್ನ."

"ಹೌದು."

"ಏನು ಹೌದು?"

"ಕೇಳಿದ್ದು ನಿನ್ನನ್ನ. ನಾನು ಬಾಯಿ ಹಾಕಬಾರದಿತ್ತು."

ದಾರ ಕಡಿದು ಅಂಗಿ ನನ್ನ ಕಡೆ ಎಸೆದಳು. "ಆ ಡೈರಿಯಲ್ಲಿ ದಿನಾ ಏನೋ ಗೀಚ್ತೀರಲ್ಲ, ಅದ್ರಲ್ಲೂ ನಾನು 74 ಏನಾ?"

ಹಿಂದಿನ ಪುಟಗಳನ್ನು ತಿರುವಿದೆ. ಬಿಟ್ಟ ಎಣಿಕೆಗಳು ಹದಿನಾರು. ಅದಕ್ಕೂ ಮೊದಲು, ಫೆಬ್ರವರಿ 17: 'ಮೆಟ್ಟಿಲ ಮೇಲೆ ನಿಂತುಬಿಟ್ಟಳು. ನಾಡಿ ಎಗರಾಟ. ಹತ್ತಿದ್ದಕ್ಕೆ.' ಒಟ್ಟು ಹದಿನೇಳು. ತಾರೀಖು, ಗಂಟೆ, ಎಣಿಕೆ, ಎಷ್ಟು ಹೊತ್ತು ಕಾದೆ — ಬಿಳಿ ಹಾಳೆಯಲ್ಲಿ ಪ್ರತಿ ಮಾಡಿದೆ. 'ಹತ್ತಿದ್ದಕ್ಕೆ' ಎಂಬುದನ್ನು ಕೈಬಿಟ್ಟೆ. ಅದು ನನ್ನ ಊಹೆ, ಓದಿದ್ದಲ್ಲ.

ಮಾರ್ಚ್ 13, ಸಂ. 5

ಹೆಪ್ಪು ಇಲ್ಲ. ಗಂಟಲೊಳಗೆ ನಳಿಗೆ ಇಳಿಸಿ ನೋಡಿ ಲಯದ ಡಾಕ್ಟರೇ ಬಂದು ಹೇಳಿದರು. ಹಾಳೆಯನ್ನು ಬೆಳಿಗ್ಗೆಯೇ ಕೊಟ್ಟಿದ್ದೆ. ನಿಂತುಕೊಂಡೇ ಓದಿದರು.

"ಇದು ಮೊದಲೇ ಬೇಕಿತ್ತು."

"ಗೊತ್ತು."

"ಶುರುವಾಗಿ ಹತ್ತಿರಹತ್ತಿರ ಒಂದು ತಿಂಗಳಾಗಿದೆ ಅಂತಾಯ್ತು. ಹಳೇದಲ್ಲ. ಒಳ್ಳೇದೇ."

ರಕ್ತ ತೆಳುವಾಗಿಸುವ ಔಷಧಿ ಶುರು. ಆಪರೇಷನ್ 18ರಿಂದ 24ಕ್ಕೆ. ಕವಾಟ, ಲಯ, ಎರಡೂ ಒಟ್ಟಿಗೆ.

ಮಾರ್ಚ್ 17, ಮ. 12.05

ಹೊಸ ಕಾರ್ಡ್. ಚೌಕದ ಪಕ್ಕ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದೆ. ಇವತ್ತು 12ಕ್ಕೆ ಸರಿಯಾಗಿ 108, ಎಗರಾಟ; ಪೂರ್ತಿ ಒಂದು ನಿಮಿಷ ಎಣಿಸಿದೆ. ಕೈ ಬಿಟ್ಟು ಎದ್ದು ಹೋಗಬೇಕು ಅನಿಸಿತು. ಹೋಗಲಿಲ್ಲ. ಬರೆದೆ.

"ಅಂತೂ ನನಗೂ ಒಂದು ಕಾಲಂ ಸಿಕ್ತು," ಅಂದಳು.

ಮಾರ್ಚ್ 23, ಸಂ. 5.40

ಅಡ್ಮಿಟ್ ಆಗಿದೆ. ಕಿಟಕಿ ಪಕ್ಕದ ಹಾಸಿಗೆ. ನಾಲ್ಕಕ್ಕೆ ಸರ್ಜನ್ ಬಂದರು, ಸಹಿ ಹಾಕಿಸಿಕೊಂಡರು. ಮತ್ತೆ ಅದೇ ಪ್ರಶ್ನೆ: "ಎದೆ ಹಾರೋದು, ತಪ್ಪೋದು ಹೇಗಿದೆಯಮ್ಮ?"

ನನ್ನ ಹತ್ತಿರ ಕಾರ್ಡಿತ್ತು. ಕೊಡಲಿಲ್ಲ. ಇವಳು ಹೇಳಿದಳು — ಬೆಳಿಗ್ಗೆ ಹಲ್ಲುಜ್ಜುವಾಗ, ಲಿಫ್ಟಿನಲ್ಲಿ, ಈಗ ಅವರು ಬರುವ ಮುಂಚೆ. ಹೊಲಿಗೆ, ದಾರ, ದಡದಡ ಎಲ್ಲ. ನಾಲ್ಕು ನಿಮಿಷ. ಅವರು ಪೂರ್ತಿ ಕೇಳಿಸಿಕೊಂಡರು. ಲಿಫ್ಟಿನದು ನನಗೂ ಗೊತ್ತಿರಲಿಲ್ಲ. ಇವಳು ಹೇಳಿದ ಹಾಗೇ ಬರೆದುಕೊಂಡೆ.

ಆರರ ಎಣಿಕೆಗೆ ಇನ್ನೂ ಹೊತ್ತಿದೆ. ಆಗಲೇ ಕೈ ಚಾಚಿದ್ದಾಳೆ.

ನಾಳೆ ಬೆಳಿಗ್ಗೆ 6ಕ್ಕೆ ಎಣಿಕೆ. 6.30ಕ್ಕೆ ಕರೆದುಕೊಂಡು ಹೋಗುತ್ತಾರೆ.