ಪೂರ್ವ ಭಾಗದಲ್ಲಿ ಒಣಹವೆ

ಏಪ್ರಿಲ್ ೧೬, ಗುರುವಾರ

ಪ್ರೀತಿಯ ಪುಟ್ಟಿಗೆ,

ನಿನ್ನ ಎರಡು ಕಾಗದ ಬಂದು ವಾರವಾಯಿತು. ಬೈಯಬೇಡ ಎನ್ನುವುದಿಲ್ಲ, ಬೈದುಬಿಡು. ಆಫೀಸಿನಲ್ಲಿ ಕೆಲಸ ಹೆಚ್ಚು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ; ನಿನಗೆ ಆ ಸುಳ್ಳು ಬರೆಯಲು ಕೈ ಬರಲಿಲ್ಲ. ಮೂರು ಸಲ ಬರೆದು ಹರಿದೆ. ಮಗಳು ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ನೀನು?

ನಮ್ಮ ಹವಾಮಾನ ಕಚೇರಿ ಹಾಗೆಯೇ ಇದೆ. ವಸಂತದ ಮೂರು ತಿಂಗಳ ಮುನ್ನೋಟ ಹೊರಬಂದಿತಲ್ಲ, ಬಣ್ಣದ ನಕ್ಷೆ, ಹೊಳೆಯುವ ಕಾಗದ, ಅದನ್ನು ಸಾಹೇಬರು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. "ಪೂರ್ವ ಭಾಗದಲ್ಲಿ ವಾಡಿಕೆಗಿಂತ ಹೆಚ್ಚು ತುಂತುರು ಮಳೆ, ಅಲ್ಲಲ್ಲಿ ಗುಡುಗುಸಹಿತ ಮಳೆಯ ಸಾಧ್ಯತೆ." ಬರೆದವಳು ನಾನೇ. ಅಡ್ಡಗೋಡೆಯ ಮೇಲೆ ದೀಪ ಇಡುವುದೇ ನನ್ನ ಉದ್ಯೋಗ ಎಂದು ನಿನ್ನ ಗಂಡ ರೇಗಿಸುತ್ತಿದ್ದರು. "ಮಳೆ ಬರಬಹುದು, ಬರದೇನೂ ಇರಬಹುದು. ಇಷ್ಟು ಹೇಳೋಕೆ ನಮ್ಮನೆ ಬೆಕ್ಕು ಸಾಕಲ್ಲ ಅತ್ತಿಗೆ!" ಆದರೆ ಜೊತೆ ಕೆಲಸದವರ ಮುಂದೆ ಮಾತ್ರ "ನಮ್ಮ ಅತ್ತಿಗೆ ಬರೆದಿದ್ದು, ತಪ್ಪೋದೇ ಇಲ್ಲ" ಎನ್ನುತ್ತಿದ್ದರಂತೆ. ನೀನೇ ಹೇಳಿದ್ದೆ.

ಅವರ ಸಾವಿನ ವಿಚಾರಣೆಯ ಸುದ್ದಿ ಓದಿ ಮೈ ಉರಿಯಿತು. ನೀರಿನ ಟ್ಯಾಂಕಿಗೆ ಬಣ್ಣ ಹೊಡೆಸುತ್ತಿದ್ದ ಆ ಗುತ್ತಿಗೆದಾರ, "ಗುಡುಗು ಬರುತ್ತೆ ಅಂತ ಅವತ್ತಿನ ಹವಾಮಾನ ವರದೀಲೇ ಇತ್ತು. ಇವನು ನೋಡದೆ ಹತ್ತಿದ, ಸಿಡಿಲು ಹೊಡೀತು. ನಾನೇನು ಮಾಡ್ಲಿ?" ಎಂದು ಕೈ ತೊಳೆದುಕೊಂಡನಂತೆ. ನಿನ್ನ ಅತ್ತೆಯೂ ಬಂದವರೆದುರಿಗೆಲ್ಲ "ನನ್ನ ಮಗ ಚಿಕ್ಕಂದಿನಿಂದ್ಲೂ ಹೀಗೇ, ಹಿಂದೆ ಮುಂದೆ ನೋಡೋನಲ್ಲ" ಎಂದು ಅಳುತ್ತಾರಂತೆ. ನೀನಂತೂ ಗಂಡನ ಬಣ್ಣ ಮೆತ್ತಿದ ಅಂಗಿಯನ್ನು ಮೂಲೆಗೆ ಎಸೆದು, "ಹೆಂಡತಿ ಮಗಳು ಇದಾರೆ ಅಂತ ಒಂದ್ಸಲ ತಲೆಯೆತ್ತಿ ಮೇಲೆ ನೋಡಬಾರದಿತ್ತಾ" ಎಂದು ಅಂಗಿಯನ್ನೇ ಬೈದೆ ಎಂದು ಬರೆದಿದ್ದೀಯ. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಅವರು ತಿರುಗಿ ಮಾತಾಡಲಾರರು. ಅದಕ್ಕೇ ಅದು ನಮ್ಮನ್ನೇ ತಿನ್ನುತ್ತದೆ.

ಕಾಗದದ ಕೊನೆಯಲ್ಲಿ ನೀನು ಕೇಳಿದ್ದು ಒಂದೇ ಮಾತು: ಅಕ್ಕಾ, ಅವತ್ತಿನ ವರದೀಲಿ ಗುಡುಗು ಇತ್ತಾ?

ಕಡತದಲ್ಲಿ ಇದೆ. ಮಾರ್ಚ್ ೨೫, ಪೂರ್ವ ಭಾಗ, ಮಧ್ಯಾಹ್ನದ ನಂತರ ಗುಡುಗು, ಸಿಡಿಲು. ಸಾಹೇಬರು ಅದರ ಪ್ರತಿಯನ್ನು ವಿಚಾರಣೆಗೆ ಕಳಿಸಿದ್ದೂ ಆಯಿತು.

ಸದ್ಯಕ್ಕೆ ಇಷ್ಟೇ ಬರೆಯಬಲ್ಲೆ. ಹೊತ್ತಿಗೆ ಸರಿಯಾಗಿ ಎರಡು ತುತ್ತು ತಿನ್ನು. ಮಗಳ ತಲೆ ಸವರಿ ದೊಡ್ಡಮ್ಮ ಕೇಳಿದಳು ಎಂದು ಹೇಳು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ,
ಅಕ್ಕ

ತಾ.ಕ. ಶುಕ್ರವಾರ ಮಧ್ಯಾಹ್ನ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ.

ಕಡತದಲ್ಲಿ ಇದೆ ಎಂದೆನಲ್ಲ, ಆ ಸಾಲು ಸೇರಿದ್ದು ಅವತ್ತು ಎರಡೂವರೆಗೆ. ಸಿಡಿಲು ಬಡಿದು ಆಗಲೇ ಒಂದು ಗಂಟೆಯಾಗಿತ್ತು. ದಿನದ ವರದಿಯನ್ನು ನಾವು ಹೊಸದಾಗಿ ಬರೆಯುವುದಿಲ್ಲ ಪುಟ್ಟಿ. ಹಿಂದಿನ ದಿನದ ಹಾಳೆ ತೆಗೆದುಕೊಂಡು, ಐದೂ ಭಾಗಗಳಲ್ಲಿ ಬದಲಾದದ್ದನ್ನಷ್ಟೇ ತಿದ್ದುತ್ತೇವೆ. ಅವತ್ತು ಬೆಳಿಗ್ಗೆ ಆ ಹೊಳೆಯುವ ಮುನ್ನೋಟದ ಬಿಡುಗಡೆ. ಪತ್ರಿಕೆಯವರು ಬರುತ್ತಾರೆಂದು ಸಾಹೇಬರು ಕುಣಿಯುತ್ತಿದ್ದರು. ನಾಲ್ಕು ಭಾಗ ತಿದ್ದಿ, ಕುರ್ಚಿ ಜೋಡಿಸಲು ಎದ್ದು ಹೋದೆ. ಪೂರ್ವ ಭಾಗಕ್ಕೆ ಮಂಗಳವಾರದ "ಒಣಹವೆ"ಯೇ ಹೋಯಿತು. ಸಿಡಿಲಿನ ಸುದ್ದಿ ಬಂದ ಮೇಲೆ ಸಾಹೇಬರು "ತಿದ್ದಿಬಿಡಿ, ಬೆಳಗಿನ ಹಾಳೆ ಯಾರು ಇಟ್ಕೊಂಡಿರ್ತಾರೆ?" ಎಂದರು. ತಿದ್ದಿದ ಕೈ ನನ್ನದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂದಿನಿಂದ ಆಫೀಸಿನಲ್ಲಿ ಯಾರು ಪಿಸುಗುಟ್ಟಿದರೂ ನನ್ನ ವಿಷಯವೇ ಎನ್ನಿಸುತ್ತದೆ.

ಇಷ್ಟೇ ಆಗಿದ್ದರೆ ಕಣ್ತಪ್ಪು ಎಂದುಕೊಳ್ಳುತ್ತಿದ್ದೆನೇನೋ. ಅವತ್ತು ಬೆಳಿಗ್ಗೆ ಎಂಟೂವರೆಗೆ ನಿನ್ನ ಗಂಡ ನನಗೆ ಫೋನ್ ಮಾಡಿದ್ದರು. "ಅತ್ತಿಗೆ, ವರದೀಲಿ ಒಣಹವೆ ಅಂತಿದೆ. ಆದ್ರೆ ಯಾಕೋ ಸೆಕೆ ಜಾಸ್ತಿ, ಆಕಾಶ ನೋಡಿದ್ರೆ ಮೋಡ ಕಟ್ತಿದೆ. ಇವತ್ತು ಹತ್ತೋದು ಬೇಡ ಅಂತ ಹೇಳ್ಲಾ?" ನಾನು ಕೈಯಲ್ಲಿ ಕುರ್ಚಿ ಹಿಡಿದುಕೊಂಡೇ, ಆ ದಿನದ ಹವಾನಕ್ಷೆ ನೋಡದೆ, "ವರದೀಲಿ ಇದ್ದ ಹಾಗೇ. ಹತ್ತಿ, ಏನೂ ಆಗಲ್ಲ" ಎಂದೆ. "ನೀವು ಹೇಳಿದ ಮೇಲೆ ಇನ್ನೇನು" ಎಂದು ನಗುತ್ತಾ ಫೋನ್ ಇಟ್ಟರು.

ಬೆಳಗಿನ ಹಾಳೆ ನನ್ನ ಬಳಿ ಇತ್ತು. ಈಗಷ್ಟೇ ವಿಚಾರಣೆಯವರಿಗೆ ಕೊಟ್ಟು, ಎಲ್ಲ ಹೇಳಿ, ಸಹಿ ಹಾಕಿ ಬಂದೆ. ನಿನ್ನ ಗಂಡ ಮೇಲೆ ನೋಡಿದ್ದರು ಪುಟ್ಟಿ. ನೋಡಿ, ನನ್ನನ್ನು ಕೇಳಿ, ಆಮೇಲೆ ಹತ್ತಿದರು. ಇದನ್ನು ನಿನ್ನ ಅತ್ತೆಗೆ ಓದಿ ಹೇಳು. ಇನ್ನು ಮುಂದೆ ನನ್ನ ಕಾಗದ ಬಂದರೆ ಒಡೆಯಬೇಕೋ ಬೇಡವೋ, ನೀನೇ ನೋಡು.