ಮೂಲವ್ಯಾಧಿ ಅಲ್ಲ, ಸೋಮೇಶ

ಗುಂಡ್ಲುಪೇಟೆ
9 ಫೆಬ್ರುವರಿ 2025

ಪ್ರೀತಿಯ ಸೋಮೇಶ,

ಹೇಗಿದ್ದೀಯ? ಮಧುಶ್ರೀ, ಮಗಳು ಕ್ಷೇಮವೆಂದು ನಂಬಿದ್ದೇನೆ. ದೀಪಾವಳಿ ಕಳೆದ ಕೂಡಲೇ ಬರೆಯುತ್ತೇನೆಂದವನು ಇಷ್ಟು ತಡ ಮಾಡಿದೆ, ಕೋಪ ಮಾಡಿಕೊಳ್ಳಬೇಡ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ನಿನ್ನ ಫೋನು ಮಗಳ ಕೈಯಲ್ಲೇ ಇರುತ್ತದೆ. ಅದಕ್ಕೇ ಬತ್ತೇರಿಯಲ್ಲಿ ನೀನು ಕೆಲಸ ಮಾಡುವ ತರಕಾರಿ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಓದಿ ಹರಿದುಹಾಕು.

ನಾವಿಬ್ಬರೂ ಈರುಳ್ಳಿ ತೂಗುತ್ತಿದ್ದ ಮಂಡಿಯಲ್ಲೇ ನಾನಿನ್ನೂ ಇದ್ದೇನೆ. ಈಗ ಕೂರಲು ಆಗುವುದಿಲ್ಲ, ದಿನವಿಡೀ ನಿಂತೇ ಇರುತ್ತೇನೆ. ಸಾಹುಕಾರರು ಏನೂ ಕೇಳಿಲ್ಲ.

ಮಲವಿಸರ್ಜನೆ ಮಾಡುವಾಗ ನನಗೆ ರಕ್ತ ಹೋಗುವುದು ನಿನಗೆ ಗೊತ್ತು. ಮೂಲವ್ಯಾಧಿ ಎಂದುಕೊಂಡು ಯಾರೋ ಕೊಟ್ಟ ಪುಡಿ ತಿಂದೆ, ಮುಲಾಮು ಹಚ್ಚಿದೆ. ಗುರುಮಲ್ಲಕ್ಕ ನನಗೋಸ್ಕರ ಸಾರಿಗೆ ಖಾರ ಹಾಕುವುದನ್ನೇ ಬಿಟ್ಟಳು. ಡಿಸೆಂಬರಿನಲ್ಲಿ ಎಚ್‌ಐವಿ ಮಾತ್ರೆ ತರಲು ಚಾಮರಾಜನಗರಕ್ಕೆ ಹೋದಾಗ, ಎದ್ದ ಮೇಲೆ ನೋಡಿದರೆ ಬೆಂಚಿನ ಮೇಲೆ ರಕ್ತ. ಟವೆಲಿನಿಂದ ಒರೆಸುತ್ತಿದ್ದೆ. ಅಲ್ಲಿನ ನರ್ಸಮ್ಮ ನೋಡಿ ಒಳಗೆ ಕರೆದುಕೊಂಡು ಹೋದರು. ಅಲ್ಲಿಂದ ಮೈಸೂರಿಗೆ ಕಳಿಸಿದರು.

ಮೈಸೂರಿನ ಡಾಕ್ಟರು ಹೆಂಗಸು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆ. ಗೋಡೆ ಕಡೆ ತಿರುಗಿ ಮಲಗಿಸಿ, ಕೊಳವೆ ಹಾಕಿ ನೋಡಿ, ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಮತ್ತೆ ಹೋದಾಗ, "ಇದು ಮೂಲವ್ಯಾಧಿ ಅಲ್ಲ. ಎಚ್‌ಪಿವಿ ಅಂತ ಒಂದು ವೈರಸ್, ದೈಹಿಕ ಸಂಪರ್ಕದಿಂದ ಹರಡುತ್ತೆ. ತುಂಬ ಜನಕ್ಕೆ ಬಂದು ತಾನೇ ಹೋಗುತ್ತೆ. ಎಚ್‌ಐವಿ ಇರೋರಲ್ಲಿ ಎಷ್ಟೋ ಸಲ ಹಾಗೇ ಉಳ್ಕೊಂಡು ಗುದದ ಒಳಚರ್ಮ ಕೆಡಿಸುತ್ತೆ. ಈ ತುಂಡಿನಲ್ಲಿ ಕಂಡಿರೋದು ಕ್ಯಾನ್ಸರ್‌ಗೆ ಮುಂಚಿನ ಹಂತ" ಎಂದರು.

"ಮಾತ್ರೆ ಒಂದಿನಾನೂ ತಪ್ಪಿಸಿಲ್ಲ ಮೇಡಂ. ನನ್ ರಕ್ತದಲ್ಲಿ ವೈರಸ್ಸೇ ಕಾಣಕಿಲ್ಲ ಅಂದವ್ರೆ."

"ಅದು ಎಚ್‌ಐವಿ ಮಾತು. ಮಾತ್ರೆ ಬಿಡಬೇಡಿ. ಆದರೆ ಇದು ಬೇರೆ, ಇದನ್ನ ಬೇರೆಯಾಗೇ ನೋಡಬೇಕು."

ಇಷ್ಟು ವರ್ಷ ಆ ಮಾತ್ರೆಯೊಂದನ್ನೇ ನಂಬಿ ಬದುಕಿದವನು ನಾನು. ಕೆಟ್ಟ ಜಾಗವನ್ನು ಅವತ್ತೇ ಸುಟ್ಟರು. ಹುಣ್ಣಾಗಿ ಗಟ್ಟಿಯಾಗಿದ್ದ ಕಡೆಯಿಂದ ಇನ್ನೊಂದು ತುಂಡು ತೆಗೆದುಕೊಂಡರು.

ಹೊರಗೆ ಗುರುಮಲ್ಲಕ್ಕ ಕಾಯುತ್ತಿದ್ದಳು. ಬಸ್ಸಿನಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಬೇಗೂರಿನ ಹತ್ತಿರ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಆ ಸೋಮೇಶಂಗೂ ಇದು ಬಂದದ?"

"ಅವನ್ಯಾಕಕ್ಕ?" ಎಂದೆ.

"ನಂಗೇನ್ ಕಣ್ಣಿಲ್ವಾ? ನೀವಿಬ್ರೂ ಎಂಗಿದ್ರಿ ಅಂತ ನಂಗ್ ಗೊತ್ತಿಲ್ವಾ? ಸುಮ್ಕಿದ್ದೆ ಕಣ್ಲಾ, ಎಲ್ರ ಮುಂದೆ ಏಳಾದೇನು ಅಂತ. ಈಗ ಅವನ್ಗೂ ಏಳ್ಬುಡು. ಎಂಡ್ರು ಮಗ್ಳು ಕಟ್ಕಂಡವ್ನೆ." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಊರು ಬರುವವರೆಗೂ ಅತ್ತಳು.

ಸೋಮೇಶ, ದೀಪಾವಳಿಗೆ ಬಂದಾಗ ನೀನೂ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಟೀ ಕುಡಿದೆ. "ಕೋಳಿ ತಿಂದೆ ಕಣ್ಲಾ, ಮೂಲ ಕೆರಳ್ಬುಡ್ತು" ಎಂದು ನೀನು ನಕ್ಕೆ. ಆ ನಗು ನೆನಪಾದರೆ ನನಗೆ ಅನ್ನ ಇಳಿಯುವುದಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ, ಹೋಗಿ ತೋರಿಸು. ನೀನೂ ಮಧುಶ್ರೀಯೂ ಎಚ್‌ಐವಿ ಮಾತ್ರೆ ತರುವ ಕಡೆಯೇ ಬಾಯಿಬಿಟ್ಟು ಹೇಳು: ರಕ್ತ ಹೋಗುತ್ತಿದೆ, ಒಳಗೆ ನೋಡಿ ಎಂದು. ಅವರಾಗಿ ಕೇಳುವವರೆಗೆ ಕಾಯಬೇಡ. ನನ್ನನ್ನು ಯಾರೂ ಕೇಳಿರಲಿಲ್ಲ. ಮಧುಶ್ರೀಗೂ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸು. ಹೆಂಗಸರಿಗೂ ಇದೇ ವೈರಸ್ಸು ಅಲ್ಲಿ ಕೂರುತ್ತದಂತೆ. ಯಾರಿಂದ ಯಾರಿಗೆ ಬಂತೆಂದು ಡಾಕ್ಟರೇ ಹೇಳಲಾರರು. ಅದನ್ನು ಯೋಚಿಸುತ್ತಾ ಕೂತು ದಿನ ಕಳೆಯಬೇಡ.

ಮಗಳಿಗೆ ನನ್ನ ಆಶೀರ್ವಾದ ಹೇಳು. ಮಲೆಯ ಮಾದಪ್ಪ ನಿಮ್ಮ ಮೂವರನ್ನೂ ಕಾಯಲಿ.

ಎಂದೂ ನಿನ್ನವನೇ ಆದ,
ನಿಂಗರಾಜು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ಆ ಎರಡನೆಯ ತುಂಡಿನ ವರದಿ ಮೊನ್ನೆ ಬಂತು. ಅಲ್ಲಿ ಅದು ಕ್ಯಾನ್ಸರೇ ಆಗಿದೆ. ಇದನ್ನು ಮೊದಲೇ ಬರೆದರೆ ನೀನು ಹೆದರಿ ಆಸ್ಪತ್ರೆಯ ಕಡೆ ತಲೆಯನ್ನೇ ಹಾಕುವುದಿಲ್ಲವೆಂದು ಭಯವಾಯಿತು. ಮುಂದಿನ ಸೋಮವಾರದಿಂದ ಮೈಸೂರಿನಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಾರೆ. ಗುಣವಾಗಬಹುದು ಎನ್ನುತ್ತಾರೆ, ನನಗೆ ನಂಬಿಕೆ ಬರುತ್ತಿಲ್ಲ. ಅಕ್ಕನಿಗೆ ಇನ್ನೂ ಹೇಳಿಲ್ಲ. ಜೊತೆಗೆ ಯಾರಿರುತ್ತಾರೆ ಎಂದು ಡಾಕ್ಟರು ಕೇಳಿದಾಗ ನನ್ನ ಬಾಯಲ್ಲಿ ನಿನ್ನ ಹೆಸರು ಬಂದುಬಿಟ್ಟಿತು. "ಅವರು ನಿಮಗೇನಾಗಬೇಕು?" ಎಂದರು. ಏನು ಹೇಳಲಿ ಸೋಮೇಶ?